ಸಾಫ್ಟ್‌ವೇರ್ ಪುಕ್ಕಟೆ, ತಮಟೆ ಸದ್ದು ಪುಕ್ಕಟೆ ಅಲ್ಲ

ಕಳೆದ ಬೇಸಿಗೆಯಲ್ಲಿ ನಮ್ಮ ತಂಡದ ಮೂವರು ಒಂದು ಊರಿನ ತೆಂಗಿನ ತೋಟದಲ್ಲಿ ಕೂತು ತಮಟೆ ರೆಕಾರ್ಡ್ ಮಾಡುತ್ತಿದ್ದೆವು. ಜೊತೆಗಿದ್ದದ್ದು ಒಂದು ಹಳೇ ಲ್ಯಾಪ್‌ಟಾಪ್, ಒಂದು ಮೈಕು, ಎರಡು ಮೊಬೈಲು. ಗೆಳೆಯನೊಬ್ಬ ಬರೆದ ಹಾಡಿಗೆ ಎಲೆಕ್ಟ್ರಾನಿಕ್ ಬೀಟು ಕೂಡಿಸಬೇಕಿತ್ತು. ಇಂಟರ್ನೆಟ್ಟಿನಲ್ಲಿ ಸಿಗುವ ರೆಡಿಮೇಡ್ ಡ್ರಮ್ಮು ಬೇಡ, ನಮ್ಮ ಕಡೆಯ ತಮಟೆಯೇ ಇರಲಿ ಅನ್ನುವುದು ನಮ್ಮ ಹಟ.

ತಮಟೆ ಬಾರಿಸುವ ತಾತ ಒಣಗರಿ ಹೊತ್ತಿಸಿ ತಮಟೆ ಕಾಯಿಸಿದರು. ನಾವು ಒಂದೊಂದೇ ಏಟು ಕೇಳಿದೆವು. ನಡುವಿಗೆ ಒಂದು, ಅಂಚಿಗೆ ಒಂದು, ಮೆಲ್ಲಗೆ ಒಂದು, ಜೋರಾಗಿ ಒಂದು. ಅವರಿಗೆ ನಗು. “ಒಂದೊಂದೇ ಏಟು ಹೊಡಿ ಅಂತೀರಲ್ರಪ್ಪಾ, ಇದೇನು ಮೊಳೆ ಹೊಡೆಯೋ ಕೆಲಸವಾ?”

ಒಂದು ಗಂಟೆ ಕಳೆದ ಮೇಲೆ ಆ ಏಟುಗಳನ್ನೇ ಲ್ಯಾಪ್‌ಟಾಪಿನಲ್ಲಿ ಜೋಡಿಸಿ ಅವರಿಗೆ ಕೇಳಿಸಿದೆವು. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. ಆಮೇಲೆ ಅಂದರು: “ಚೆನ್ನಾಗೈತೆ. ಆದ್ರೆ ನನ್ನ ಸದ್ದು ನಿಮ್ಮ ಡಬ್ಬಿ ಸೇರ್ಕೊಂಡ ಮ್ಯಾಲೆ, ನಾಳೆ ಜಾತ್ರೆಗೆ ನನ್ನನ್ನ ಯಾಕೆ ಕರೀತಾರೆ?”

ನಮ್ಮ ಹತ್ತಿರ ಆಗ ಉತ್ತರ ಇರಲಿಲ್ಲ. ಊರಿಗೆ ಬಂದ ಮೇಲೆ ಈ ಪ್ರಶ್ನೆಯ ಮೇಲೆ ನಾವು ನಾವೇ ಬಹಳ ಜಗಳ ಆಡಿದ್ದೇವೆ. ಆ ಜಗಳದಲ್ಲಿ ನಾವು ಬಂದು ನಿಂತ ಜಾಗ ಇದು: ಹಳ್ಳಿಯ ಹುಡುಗ ಹುಡುಗಿಯರು ಎಲೆಕ್ಟ್ರಾನಿಕ್ ಸಂಗೀತ ಮಾಡಬೇಕು, ಅದಕ್ಕೆ ಮುಕ್ತ ಸಾಫ್ಟ್‌ವೇರನ್ನೇ ಬಳಸಬೇಕು. ಆದರೆ ಸಾಫ್ಟ್‌ವೇರ್ ಪುಕ್ಕಟೆ ಸಿಕ್ಕಿತು ಎಂದು ಅದರೊಳಗೆ ತುಂಬುವ ಸದ್ದೂ ಪುಕ್ಕಟೆ ಎಂದುಕೊಂಡರೆ ಅದು ಕಳ್ಳತನ.

ಶ್ರುತಿಪೆಟ್ಟಿಗೆ ಇರುವ ಊರಿಗೆ ಇದು ಹೊಸದಲ್ಲ

ಎಲೆಕ್ಟ್ರಾನಿಕ್ ಸಂಗೀತ ಅಂದ ಕೂಡಲೇ ನಮ್ಮಲ್ಲಿ ನೆನಪಾಗುವುದು ಗಣೇಶನ ಮೆರವಣಿಗೆಯ ಡಿಜೆ. ಎದೆ ನಡುಗಿಸುವ ಬಾಕ್ಸು, ಪೊಲೀಸರ ಜೊತೆ ವಾದ, ಬೆಳಗ್ಗೆ ಎದ್ದರೂ ನಿಲ್ಲದ ಕಿವಿಯ ಗುಂಯ್. ಅದು ಸದ್ದನ್ನು ಜೋರಾಗಿ ಹಾಕುವ ಕೆಲಸ. ನಾವು ಹೇಳುತ್ತಿರುವುದು ಸದ್ದನ್ನು ಹುಟ್ಟಿಸುವ ಕೆಲಸ.

ನಿಮ್ಮೂರ ಭಜನೆ ಮಂದಿರಕ್ಕೆ ಹೋಗಿ ನೋಡಿ. ಹಾರ್ಮೋನಿಯಂ ಪಕ್ಕದಲ್ಲಿ ಒಂದು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಇರಬಹುದು. ಎಷ್ಟೋ ಸಂಗೀತ ಪಾಠದ ಮನೆಗಳಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಇದೆ. ಇಂಥ ಪೆಟ್ಟಿಗೆಗಳನ್ನು ತಯಾರಿಸಿ ಹೆಸರು ಮಾಡಿದ ರಾಡೆಲ್ ಕಂಪನಿ ನಮ್ಮ ಬೆಂಗಳೂರಿನದೇ. ಕರೆಂಟಿನಿಂದ ಸ್ವರ ಹೊರಡಿಸುವ ಈ ಪೆಟ್ಟಿಗೆ ಮುಂದಿಟ್ಟುಕೊಂಡು ನಾವು ದೇವರ ನಾಮ ಹಾಡುತ್ತಾ ಬಂದಿದ್ದೇವೆ. ಯಾರೂ ಇದನ್ನು ಪರದೇಶದ ಸಂಗೀತ ಅನ್ನಲಿಲ್ಲ.

ದೇಶದ ಮಟ್ಟದಲ್ಲೂ ಇದು ಹಳೆಯದೇ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೊ ಇತ್ತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಮೂಗ್ ಎಂಬ ಸಿಂಥಸೈಜರ್ ಅನ್ನು ಅಲ್ಲಿ ಜೋಡಿಸಿಕೊಟ್ಟಿದ್ದರು. ಗೀತಾ ಸಾರಾಭಾಯಿ ಮತ್ತಿತರರು ಅಲ್ಲಿ ಕೆಲಸ ಮಾಡಿದರು. ಆ ಟೇಪುಗಳು ದಶಕಗಳ ಕಾಲ ಕಪಾಟಿನಲ್ಲೇ ಇದ್ದು, 2023ರಲ್ಲಿ ಆಲ್ಬಂ ಆಗಿ ಹೊರಬಂದವು. 1982ರಲ್ಲಿ ಮುಂಬೈನ ಚರಣ್‌ಜಿತ್ ಸಿಂಗ್ ಹತ್ತು ರಾಗಗಳನ್ನು ಸಿಂಥಸೈಜರ್ ಮತ್ತು ಡ್ರಮ್ ಮಷೀನ್ ಮೇಲೆ ನುಡಿಸಿ ರೆಕಾರ್ಡ್ ಮಾಡಿದರು. ಆಗ ಅದನ್ನು ಹೆಚ್ಚು ಜನ ಕೇಳಲಿಲ್ಲ. 2010ರಲ್ಲಿ ಮತ್ತೆ ಬಿಡುಗಡೆಯಾದಾಗ ಹೊರದೇಶದವರು ಬೆರಗಾಗಿ ಕೇಳಿದರು.

ಈ ಎರಡೂ ಕಡೆ ಒಂದು ಮಾತು ಸಮಾನ. ಯಂತ್ರಗಳು ದುಬಾರಿ. ದೊಡ್ಡ ಸಂಸ್ಥೆ ಇರಬೇಕು, ಇಲ್ಲವೇ ಸಿನಿಮಾದಲ್ಲಿ ದುಡಿದು ಹಣ ಮಾಡಿರಬೇಕು. ಕೂಲಿ ಮಾಡುವವರ ಮನೆಯ ಮಗಳಿಗೆ ಅದು ಎಟುಕುತ್ತಿರಲಿಲ್ಲ. ಇವತ್ತು ಅದೇ ಯಂತ್ರದ ಕೆಲಸವನ್ನು ಸಾಫ್ಟ್‌ವೇರ್ ಮಾಡುತ್ತದೆ. ಬದಲಾಗಿರುವುದು ಇಷ್ಟು, ಮತ್ತು ಇದು ಸಣ್ಣ ಬದಲಾವಣೆ ಅಲ್ಲ.

ಮುಕ್ತ ಅಂದರೆ ಏನು

ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಪದಕ್ಕೆ ಪುಕ್ಕಟೆ ಎಂಬ ಅರ್ಥವೂ ಇದೆ, ಸ್ವತಂತ್ರ ಎಂಬ ಅರ್ಥವೂ ಇದೆ. ಕನ್ನಡದಲ್ಲಿ ಆ ಗೊಂದಲ ಇಲ್ಲ. ನಮಗೆ ಪುಕ್ಕಟೆ ಬೇರೆ, ಮುಕ್ತ ಬೇರೆ.

ಮುಕ್ತ ಸಾಫ್ಟ್‌ವೇರ್ ಎಂದರೆ ಅದನ್ನು ಯಾರು ಬೇಕಾದರೂ ಬಳಸಬಹುದು, ಒಳಗೆ ಹೇಗೆ ಬರೆದಿದ್ದಾರೆ ಎಂದು ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಮಾಡಿದವರೇ ಹೀಗೆಂದು ಬರೆದು ಕೊಟ್ಟಿರುತ್ತಾರೆ. ನಮ್ಮೂರಲ್ಲಿ ನಾಟಿ ಬಿತ್ತನೆ ಬೀಜ ಕೈಯಿಂದ ಕೈಗೆ ಹೋಗುವುದಿಲ್ಲವೇ, ಹಾಗೆ.

ನಿಮಗೆ ಗೊತ್ತಿಲ್ಲದೆಯೇ ನೀವು ಇದನ್ನು ದಿನಾ ಬಳಸುತ್ತಿದ್ದೀರಿ. ವಾಟ್ಸಾಪಿನಲ್ಲಿ ನೀವು ಕಳಿಸುವ ವಾಯ್ಸ್ ಮೆಸೇಜು ಓಪಸ್ ಎಂಬ ವಿಧಾನದಲ್ಲಿ ಕಿರಿದಾಗಿ ಹೋಗುತ್ತದೆ. 2012ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾದ ಓಪಸ್ ಮುಕ್ತವಾದದ್ದು, ಅದಕ್ಕೆ ಯಾರಿಗೂ ರಾಯಲ್ಟಿ ಕಟ್ಟಬೇಕಿಲ್ಲ.

ಪತ್ರಿಕೋದ್ಯಮ ಓದುವಾಗ ನಾವು ಮೊದಲು ಕಲಿತದ್ದು ಆಡಾಸಿಟಿ. ಸಂದರ್ಶನದ ನಡುವೆ ಬಂದ ಕೆಮ್ಮು ಕತ್ತರಿಸಲು, ಫ್ಯಾನಿನ ಸದ್ದು ತೆಗೆಯಲು. 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇಬ್ಬರು ಶುರು ಮಾಡಿದ ಕೆಲಸ ಅದು, ಮರುವರ್ಷ ಜನರ ಕೈಗೆ ಬಂತು. ಅದರಲ್ಲಿ ಸುದ್ದಿ ಕತ್ತರಿಸುತ್ತಿದ್ದವರು ಒಂದು ದಿನ ಬೋರ್‌ವೆಲ್ ಮೋಟಾರಿನ ಸದ್ದನ್ನು ಕತ್ತರಿಸಿ ತಿರುಗಿಸಿ ತಾಳ ಮಾಡಿದೆವು. ಅಲ್ಲಿಂದ ಹುಚ್ಚು ಹತ್ತಿತು.

ಕೆಲಸಕ್ಕೆ ಏನೇನು ಬೇಕು

ತಾತನ ತಮಟೆ ಹಾಡಾಗಿದ್ದು ಹೇಗೆ ಎಂದು ಹೇಳಿದರೆ ನಿಮಗೆ ಅಂದಾಜು ಸಿಗುತ್ತದೆ.

ಮೊದಲು ಆಡಾಸಿಟಿಯಲ್ಲಿ ರೆಕಾರ್ಡ್. ಯಾರೂ ಮಾತಾಡದ ಎರಡು ಸೆಕೆಂಡು ಮೌನವನ್ನು ಬೇಕೆಂದೇ ಬಿಟ್ಟುಕೊಂಡೆವು. ಆ ಮೌನದಲ್ಲಿರುವ ಗಾಳಿಯ ಸದ್ದನ್ನು ಆರಿಸಿ ತೋರಿಸಿದರೆ, ಅಂಥದ್ದೇ ಸದ್ದನ್ನು ಉಳಿದ ಕಡೆ ಅದು ತಗ್ಗಿಸುತ್ತದೆ. ಆಮೇಲೆ ಒಂದೊಂದು ಏಟನ್ನೂ ಬೇರೆ ಬೇರೆ ಫೈಲ್ ಮಾಡಿದೆವು.

ಎರಡನೆಯದು ಹೈಡ್ರೋಜನ್ ಎಂಬ ಡ್ರಮ್ ಮಷೀನು. ನಿಮ್ಮದೇ ಸದ್ದುಗಳನ್ನು ಇದಕ್ಕೆ ತುಂಬಬಹುದು. ಮೆಲ್ಲಗಿನ ಏಟಿಗೆ ಒಂದು ಫೈಲು, ಜೋರಿನ ಏಟಿಗೆ ಇನ್ನೊಂದು ಫೈಲು ಎಂದು ಪದರ ಪದರವಾಗಿ ಇಡಬಹುದು. ಬರೀ ವಾಲ್ಯೂಮ್ ಏರಿಸಿದರೆ ಮೆಲ್ಲಗಿನ ಏಟು ಜೋರಿನ ಏಟು ಆಗುವುದಿಲ್ಲ ಎಂದು ತಮಟೆ ಹೊಡೆಯುವವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಮೂರನೆಯದು ಎಲ್‌ಎಂಎಂಎಸ್. 2004ರಲ್ಲಿ ಶುರುವಾದ ಇದರಲ್ಲಿ ತಾಳ, ಸ್ವರ, ಬೇಸ್ ಎಲ್ಲವನ್ನೂ ಒಂದರ ಕೆಳಗೆ ಒಂದು ಜೋಡಿಸಿ ಹಾಡು ಕಟ್ಟುತ್ತೇವೆ. ರೊಮೇನಿಯಾದ ನಾಸ್ಕಾ ಆಕ್ಟೇವಿಯನ್ ಪಾಲ್ ಬರೆದ ಜಿನ್‌ಆಡ್‌ಸಬ್‌ಎಫ್‌ಎಕ್ಸ್ ಎಂಬ ಸಿಂಥಸೈಜರ್ ಇದರ ಒಳಗೇ ಬರುತ್ತದೆ. ಒಂದು ಕೊರತೆ ಇದೆ: ನಾವು ಬಳಸಿದ ಎಲ್‌ಎಂಎಂಎಸ್‌ನಲ್ಲಿ ನೇರವಾಗಿ ಹಾಡಿ ರೆಕಾರ್ಡ್ ಮಾಡಲು ಬರುವುದಿಲ್ಲ. ಅದಕ್ಕೆ ಆಡಾಸಿಟಿ ಇರಬೇಕು, ಇಲ್ಲವೇ ಆರ್ಡರ್ ಎಂಬ ಇನ್ನೊಂದು ದೊಡ್ಡ ಸಾಫ್ಟ್‌ವೇರ್.

ಇದೆಲ್ಲ ನಡೆದದ್ದು 4 ಜಿಬಿ ರ್‍ಯಾಮ್‌ನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ. ಕೇಳಲು ವೈರ್ ಇರುವ ಇಯರ್‌ಫೋನ್ ಸಾಕು. ಬ್ಲೂಟೂತ್ ಬೇಡ, ಸದ್ದು ತಡವಾಗಿ ಬಂದು ತಾಳ ತಪ್ಪುತ್ತದೆ.

ಕ್ರ್ಯಾಕ್ ಹಾಕಿದರೆ ಏನಾಗುತ್ತದೆ

“ದುಡ್ಡಿನ ಸಾಫ್ಟ್‌ವೇರಿಗೇ ಕ್ರ್ಯಾಕ್ ಸಿಗುತ್ತಲ್ಲಣ್ಣಾ, ಇದೆಲ್ಲ ಯಾಕೆ?” ಎಂದು ಕೇಳುವ ತಮ್ಮಂದಿರು ಬಹಳ. ನಮ್ಮಲ್ಲೂ ಒಬ್ಬ ಹಾಗೇ ಮಾಡಿದ್ದ. ಪೆನ್‌ಡ್ರೈವಿನಲ್ಲಿ ಬಂದ ಕ್ರ್ಯಾಕಿನ ಜೊತೆ ವೈರಸ್ಸೂ ಬಂತು. ಎರಡು ವರ್ಷದ ಸಂದರ್ಶನಗಳು, ಅವರಜ್ಜಿ ಹಾಡಿದ ಸೋಬಾನೆ ಪದ, ಎಲ್ಲ ಹೋಯಿತು. ಅಜ್ಜಿಯೂ ಈಗಿಲ್ಲ. ಸಾಫ್ಟ್‌ವೇರಿನ ಬೆಲೆ ಉಳಿಸಲು ಹೋಗಿ ಕೊಟ್ಟ ಬೆಲೆ ಅದು.

ವೈರಸ್ ಬರದಿದ್ದರೂ ತೊಂದರೆ ಇದೆ. ಕ್ರ್ಯಾಕಿನಲ್ಲಿ ಮಾಡಿದ ಹಾಡನ್ನು ಮಾರಲು ಹೋದಾಗ ಅಂಜಿಕೆ. ಅಪ್‌ಡೇಟ್ ಮಾಡಿದರೆ ಕೆಲಸ ನಿಲ್ಲುತ್ತದೆ. ಇನ್ನೂ ಮುಖ್ಯವಾಗಿ, ಕದ್ದದ್ದನ್ನು ಶಾಲೆಯಲ್ಲಿ ಕಲಿಸಲು ಬರುವುದಿಲ್ಲ. ಮುಕ್ತ ಸಾಫ್ಟ್‌ವೇರನ್ನು ಮೇಷ್ಟ್ರು ರಾಜಾರೋಷವಾಗಿ ಮೂವತ್ತು ಮಕ್ಕಳಿಗೆ ಹಂಚಬಹುದು, ಹಂಚಿ ಎಂದೇ ಬರೆದಿದೆ.

ನಮ್ಮ ತಾಳಕ್ಕೆ, ನಮ್ಮ ಸ್ವರಕ್ಕೆ ಜಾಗ

ರೆಡಿಮೇಡ್ ಬೀಟುಗಳನ್ನು ತಂದು ಹಾಡು ಮಾಡಿದವರಿಗೆ ಗೊತ್ತು, ಬಹುಪಾಲು ಎಲ್ಲವೂ ನಾಲ್ಕರ ಲೆಕ್ಕ. ಎಣಿಸಿದರೆ ನಾಲ್ಕು, ಎಂಟು, ಹದಿನಾರು. ನಮ್ಮ ಪದಗಳೆಲ್ಲ ಈ ಲೆಕ್ಕಕ್ಕೆ ಕೂರುವುದಿಲ್ಲ. ತಕಿಟ ತಕಧಿಮಿ ಎಂದು ಏಳರಲ್ಲಿ ನಡೆಯುವ ಮಿಶ್ರ ಚಾಪು ಇದೆ, ಮೂರರಲ್ಲಿ ಕುಣಿಯುವ ಪದಗಳಿವೆ. ಅವನ್ನು ನಾಲ್ಕಕ್ಕೆ ಎಳೆದು ಕೂರಿಸಿದರೆ ಕಾಲು ಅದನ್ನು ಒಪ್ಪುವುದಿಲ್ಲ. ಹೈಡ್ರೋಜನ್‌ನಲ್ಲಿ ಒಂದು ಆವರ್ತ ಎಷ್ಟು ಉದ್ದ ಎಂದು ನಾವೇ ಹೇಳಬಹುದು. ಏಳು ಎಂದರೆ ಏಳು.

ಸ್ವರದ ಕಥೆಯೂ ಇದೇ. ಕೀಬೋರ್ಡಿನಲ್ಲಿ ಒಂದು ಸ್ಥಾಯಿಗೆ ಹನ್ನೆರಡು ಮನೆ ಅಷ್ಟೇ. ಚೌಡಿಕೆಯ ತಂತಿ ಎಳೆದು ಹಾಡುವವರು, ಏಕತಾರಿ ಹಿಡಿದು ತತ್ವಪದ ಹಾಡುವವರು ಆ ಮನೆಗಳ ನಡುವಿನ ಸಂದಿಯಲ್ಲೂ ಓಡಾಡುತ್ತಾರೆ. ಶಾಲಾ ಮಕ್ಕಳಿಗೆಂದು ಕೇಂಬ್ರಿಜ್‌ನಲ್ಲಿ ಸ್ಯಾಮ್ ಆರನ್ ಮಾಡಿದ ಸೋನಿಕ್ ಪೈ ಎಂಬ ಸಾಫ್ಟ್‌ವೇರ್ ಇದೆ. ಅದರಲ್ಲಿ ಸಾಲು ಬರೆದರೆ ಸಂಗೀತ ಬರುತ್ತದೆ. ‘ಪ್ಲೇ 60’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಕೀಬೋರ್ಡಿನ ನಡುವಿನ ಸ್ವರ, 61 ಎಂದರೆ ಪಕ್ಕದ ಮನೆ. 60.5 ಎಂದು ಬರೆಯಿರಿ, ಎರಡರ ನಡುವಿನ ಸ್ವರ ಬರುತ್ತದೆ. ಕಂಪ್ಯೂಟರಿಗೆ ಸಂಗೀತ ಬರುತ್ತದೆ ಎಂದಲ್ಲ, ನಮ್ಮ ಸಂಗೀತವನ್ನು ಅದು ತಡೆಯುವುದಿಲ್ಲ ಎಂದಷ್ಟೇ ನಮ್ಮ ಮಾತು. ಗಮಕವನ್ನು ಹಾಡುವವರೇ ಹಾಡಬೇಕು.

ಈಗ ತಾತನ ಪ್ರಶ್ನೆ

ನಮ್ಮ ತಂಡದಲ್ಲಿ ಒಬ್ಬರು ವಾದ ಹೂಡಿದರು: ಮುಕ್ತ ಎಂದಮೇಲೆ ಎಲ್ಲವೂ ಮುಕ್ತ ಇರಲಿ. ತಮಟೆಯ ಏಟುಗಳನ್ನೂ ಇಂಟರ್ನೆಟ್ಟಿಗೆ ಹಾಕೋಣ, ಜಗತ್ತೇ ಬಳಸಲಿ. ಬಾರ್ಸಿಲೋನಾದ ಒಂದು ವಿಶ್ವವಿದ್ಯಾಲಯ 2005ರಿಂದ ನಡೆಸುತ್ತಿರುವ ಫ್ರೀಸೌಂಡ್ ಎಂಬ ಸದ್ದಿನ ಕಣಜವಿದೆ, ಅಲ್ಲಿ ಹಾಕಿದರೆ ಆಯಿತು.

ಕೇಳಲು ದೊಡ್ಡ ಮನಸ್ಸಿನ ಮಾತು. ಆದರೆ ಕೊಡುವವರು ಯಾರು? ಆಡಾಸಿಟಿ ಬರೆದವರು ತಾವು ದುಡಿದದ್ದನ್ನು ತಾವೇ ಮುಕ್ತ ಮಾಡಿದರು. ಹೆಸರು ಹಾಕಿಕೊಂಡರು, ಷರತ್ತು ಬರೆದರು. ಆ ಷರತ್ತುಗಳು ನಿಂತಿರುವುದೇ ಹಕ್ಕುಸ್ವಾಮ್ಯ ಕಾಯ್ದೆಯ ಮೇಲೆ. ತಾತನ ಸದ್ದನ್ನು ತಾತನನ್ನು ಕೇಳದೆ ಮುಕ್ತ ಮಾಡಲು ನಾವು ಯಾರು? ಸಾವಿಗೂ ಜಾತ್ರೆಗೂ ತಮಟೆ ಬೇಕು, ತಮಟೆಯವರು ಮಾತ್ರ ಹೊರಗೆ ನಿಲ್ಲಬೇಕು ಎನ್ನುವ ಊರುಗಳು ನಮ್ಮವು. ಎಷ್ಟೋ ಕಡೆ ತಮಟೆ ಬಡಿಯುವುದು ದಲಿತ ಕೇರಿಯವರ ಬಿಟ್ಟಿ ಚಾಕರಿ ಆಗಿತ್ತು. ಲ್ಯಾಪ್‌ಟಾಪ್ ಹಿಡಿದು ಹೋದ ನಾವೂ ಅದನ್ನೇ ಮುಂದುವರಿಸಿದರೆ, ಹಳೇ ಬಿಟ್ಟಿ ಚಾಕರಿಗೆ ಹೊಸ ಹೆಸರು ಕೊಟ್ಟಂತೆ.

ಕಾನೂನೂ ತಾತನ ಕಡೆಗೇ ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಎಂಬುದೊಂದಿದೆ. ಪ್ರದರ್ಶಕರು ಯಾರು ಎಂದು ಹೇಳುವಾಗ ಕಾಯ್ದೆ ಹಾಡುವವರು, ನುಡಿಸುವವರ ಜೊತೆಗೆ ಹಾವಾಡಿಗರನ್ನೂ ಹೆಸರಿಸಿದೆ. 2012ರ ತಿದ್ದುಪಡಿಯ ನಂತರ ತಮ್ಮ ಪ್ರದರ್ಶನದ ರೆಕಾರ್ಡಿಂಗ್ ಮಾಡಲು ಬಿಡುವ ಹಕ್ಕು, ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕು ಇನ್ನೂ ಸ್ಪಷ್ಟವಾಗಿದೆ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಸ್ಟೇಟಸ್ ಹಾಕಿದೆವು. ಪ್ರಶಸ್ತಿ ಬಂದವರಿಗೆ ಇರುವ ಹಕ್ಕು ಪ್ರಶಸ್ತಿ ಬಾರದವರಿಗೂ ಇದೆ.

ನಾವು ಮಾಡಿದ್ದು ಇಷ್ಟು. ಜಾತ್ರೆಗೆ ಹೋದರೆ ತಾತನಿಗೆ ಒಂದು ದಿನಕ್ಕೆ ಏನು ಸಿಗುತ್ತದೋ ಅಷ್ಟನ್ನು ಅದೇ ದಿನ ಕೊಟ್ಟೆವು. ಕನ್ನಡದಲ್ಲಿ ಒಂದು ಪುಟ ಬರೆದು, ಓದಿ ಹೇಳಿ, ಅವರ ಮಗನ ಎದುರು ಸಹಿ ಮಾಡಿಸಿಕೊಂಡೆವು. ಅದರಲ್ಲಿ ನಾಲ್ಕು ಮಾತಿವೆ. ಈ ಸದ್ದು ಈ ಒಂದು ಹಾಡಿಗೆ ಮಾತ್ರ. ಬೇರೆಯವರಿಗೆ ಕೊಡಬೇಕಾದರೆ ಮತ್ತೆ ಕೇಳಬೇಕು. ಹಾಡು ಎಲ್ಲಿ ಹಾಕಿದರೂ ತಾತನ ಹೆಸರು ನಮ್ಮ ಹೆಸರಿಗಿಂತ ಮೊದಲು. ಹಾಡಿನಿಂದ ದುಡ್ಡು ಬಂದರೆ ಪಾಲು. ಒಂದು ಪ್ರತಿ ಅವರ ಹತ್ತಿರ ಇದೆ.

ಇಷ್ಟಾದರೂ ಅವರ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿಲ್ಲ ಎಂದು ನಾವು ಒಪ್ಪುತ್ತೇವೆ. ಜಾತ್ರೆಗೆ ತಮಟೆಯವರನ್ನು ಕರೆಯುವುದು ಬಿಡುವುದು ನಮ್ಮ ಸಾಫ್ಟ್‌ವೇರಿನ ಕೈಲಿಲ್ಲ, ಊರಿನ ಕಮಿಟಿಯ ಕೈಲಿದೆ. ಡಿಜೆ ಬಾಕ್ಸಿಗೆ ಬಾಡಿಗೆ ಎತ್ತುವಾಗ ಯಾರೂ ಚೌಕಾಸಿ ಮಾಡುವುದಿಲ್ಲ, ತಮಟೆಯವರ ಹತ್ತಿರ ಮಾತ್ರ ಐನೂರು ಕಡಿಮೆ ಮಾಡಿಕೊಳ್ಳಿ ಎನ್ನುತ್ತಾರೆ. ನಮ್ಮ ಹಾಡು ಆ ಚೌಕಾಸಿಗೆ ನೆಪ ಆಗಬಾರದು. ಆದರೆ ನಮ್ಮ ಹಾಡು ನಿಂತರೆ ಆ ಚೌಕಾಸಿ ನಿಲ್ಲುತ್ತದೆ ಎಂದೂ ನಮಗನಿಸುವುದಿಲ್ಲ. ನಾವು ಮಾಡದಿದ್ದರೆ ತಮಟೆಯ ಸದ್ದನ್ನು ಇನ್ಯಾರೋ ಯೂಟ್ಯೂಬಿನಿಂದ ಎತ್ತಿಕೊಂಡು, ಹೆಸರೂ ಹಾಕದೆ, ಹಣವೂ ಕೊಡದೆ ರೀಮಿಕ್ಸ್ ಮಾಡುತ್ತಾರೆ. ಹಾಗಾಗಿ ತಮಟೆಯವರ ಮನೆಯ ಮಕ್ಕಳೇ ಈ ಕೆಲಸ ಕಲಿಯುವುದು ಒಳ್ಳೆಯದು. ತಾತನ ಮೊಮ್ಮಗಳು ಒಂಬತ್ತನೇ ಕ್ಲಾಸು. ಅವತ್ತು ಪೂರ್ತಿ ನಮ್ಮ ಪಕ್ಕದಲ್ಲೇ ಕೂತು ಮೌಸ್ ಹಿಡಿದಿದ್ದಳು. ಯಾವ ಏಟು ಎಲ್ಲಿ ಬರಬೇಕು ಎಂದು ನಮಗಿಂತ ಬೇಗ ಹೇಳುತ್ತಿದ್ದವಳು ಅವಳೇ.

ನಾವು ಕೇಳುವುದು

ಶಾಲೆಯ ಮೇಷ್ಟ್ರುಗಳಿಗೆ: ಕಂಪ್ಯೂಟರ್ ಲ್ಯಾಬಿನಲ್ಲಿ ಆಡಾಸಿಟಿ, ಎಲ್‌ಎಂಎಂಎಸ್, ಸೋನಿಕ್ ಪೈ ಹಾಕಿಸಿ. ಕಾಸು ಖರ್ಚಿಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷದಿಂದ ಮುಕ್ತ ಸಾಫ್ಟ್‌ವೇರಿನ ಮೇಲೆಯೇ ಕಂಪ್ಯೂಟರ್ ಪಾಠ ನಡೆಸುತ್ತಿವೆ. ನಮ್ಮ ಮಕ್ಕಳಿಗೂ ಟೈಪಿಂಗ್ ಒಂದೇ ಕಂಪ್ಯೂಟರ್ ಪಾಠ ಆಗಬೇಕಿಲ್ಲ.

ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವವರಿಗೆ: ಅಲ್ಲಿರುವ ಕಂಪ್ಯೂಟರಿನಲ್ಲೂ ಇವನ್ನು ಹಾಕಿ, ಜೊತೆಗೆ ಎರಡು ಇಯರ್‌ಫೋನ್ ಇಡಿ. ಮೆನುಗಳು ಇಂಗ್ಲಿಷಿನಲ್ಲಿ ಬಂದರೆ ಮಕ್ಕಳು ಹೆದರುತ್ತಾರೆ, ನಿಜ. ಒಬ್ಬರು ಕಲಿತು ಹತ್ತು ಪದಗಳನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಅರ್ಧ ಹೆದರಿಕೆ ಹೋಗುತ್ತದೆ.

ಜಾತ್ರೆ ಮತ್ತು ಗಣೇಶೋತ್ಸವದ ಕಮಿಟಿಯವರಿಗೆ: ಬಾಕ್ಸಿಗೆ ಎಷ್ಟು ಕೊಡುತ್ತೀರೋ ಅದರಲ್ಲಿ ಒಂದು ಭಾಗವನ್ನು ತಮಟೆ, ಹಲಗೆ, ಡೊಳ್ಳಿನವರಿಗೆ ಮೊದಲೇ ಎತ್ತಿಡಿ. ಉಳಿದದ್ದರಲ್ಲಿ ಬಾಕ್ಸು ತನ್ನಿ.

ಬೀಟು ಮಾಡುವ ತಮ್ಮಂದಿರು, ತಂಗಿಯರಿಗೆ: ಕ್ರ್ಯಾಕ್ ಬಿಡಿ. ಯಾರ ಸದ್ದು ತೆಗೆದುಕೊಂಡರೂ ಕೇಳಿ, ಕೊಡಿ, ಹೆಸರು ಹಾಕಿ.

ಲ್ಯಾಪ್‌ಟಾಪ್ ಇಲ್ಲದವರು ಮೊಬೈಲಿನಿಂದಲೇ ಶುರು ಮಾಡಬಹುದು. ಇವತ್ತು ಸಂಜೆ ರೆಕಾರ್ಡರ್ ತೆರೆದು ನಿಮ್ಮ ಮನೆಯ ಐದು ಸದ್ದು ಹಿಡಿಯಿರಿ. ಒರಳಿಗೆ ಬಿದ್ದ ಒನಕೆ, ರೊಟ್ಟಿ ಬಡಿಯುವ ಕೈ, ಹಸುವಿನ ಕೊರಳ ಗಂಟೆ, ಏನು ಬೇಕಾದರೂ. ವಾಟ್ಸಾಪಿನ ವಾಯ್ಸ್ ಮೆಸೇಜಿನಲ್ಲಿ ಹಿಡಿಯಬೇಡಿ, ಸದ್ದು ಸೊರಗುತ್ತದೆ. ರೆಕಾರ್ಡರಿನ ಫೈಲನ್ನು ಡಾಕ್ಯುಮೆಂಟ್ ಆಗಿ ನಮಗೆ ಕಳಿಸಿ. ಜೊತೆಗೆ ಅದು ಯಾರ ಕೈಯ ಸದ್ದು ಎಂದು ಹೆಸರು ಬರೆಯಿರಿ, ಅವರನ್ನು ಕೇಳಿ ಕಳಿಸಿದ್ದೀರಾ ಎಂದೂ ಬರೆಯಿರಿ. ಆ ಎರಡು ಸಾಲು ಇಲ್ಲದ ಫೈಲನ್ನು ನಾವು ತೆರೆಯುವುದಿಲ್ಲ.